ಕೀಮೋ ಅರ್ಧದಲ್ಲಿದೆ, ಪೇಟೆಯ ನರ್ಸಿಂಗ್ ಹೋಂ ಮುಚ್ಚಿತು. ಈಗ ಯಾವ ಊರು ಹಿಡಿಯುವುದು?

ಬಣಕಲ್_ಕಾಫಿ

ಎಲ್ಲರಿಗೂ ನಮಸ್ಕಾರ. ನಮ್ಮದು ಮೂಡಿಗೆರೆ ತಾಲ್ಲೂಕು, ಬಣಕಲ್‌ನಿಂದ ಇನ್ನೂ ಒಳಗೆ. ಮೂರು ಎಕರೆ ಕಾಫಿ, ಮಧ್ಯೆ ಮೆಣಸು. ಅಮ್ಮನಿಗೆ ಎದೆಯಲ್ಲಿ ಗಂಟು ಅಂತ ಗೊತ್ತಾಗಿ ಮಂಗಳೂರಿನಲ್ಲಿ ಆಪರೇಷನ್ ಆಯಿತು. ಈಗ ಕೀಮೋ ನಡೆಯುತ್ತಿದೆ. ಮೂರು ವಾರಕ್ಕೊಮ್ಮೆ ಆ ಕೆಂಪು ಔಷಧಿ, ಅದರಲ್ಲಿ ಅರ್ಧ ಮುಗಿದಿದೆ. ಆಮೇಲೆ ಇನ್ನೊಂದು ಔಷಧಿ ವಾರ ವಾರ ಕೊಡುತ್ತಾರಂತೆ. ಅದಾದ ಮೇಲೆ ಕರೆಂಟ್ ಕೊಡುವುದು ಅಂದರೆ ರೇಡಿಯೇಶನ್, ಕೊನೆಗೆ ಐದು ವರ್ಷ ಮಾತ್ರೆ.

ಇಷ್ಟು ದಿನ ಹೇಗೋ ನಡೆಯುತ್ತಿತ್ತು. ಕೀಮೋ ಮಾತ್ರ ಮಂಗಳೂರು, ಮಿಕ್ಕಿದ್ದೆಲ್ಲ ಪೇಟೆಯ ನರ್ಸಿಂಗ್ ಹೋಂ. ಕೀಮೋ ಆದ ಮಾರನೇ ದಿನದ ಇಂಜೆಕ್ಷನ್, ರಕ್ತದ ಕೌಂಟ್, ವಾಂತಿ ಜಾಸ್ತಿಯಾದರೆ ಒಂದು ಬಾಟಲಿ ಗ್ಲೂಕೋಸ್. ಮೊದಲ ಕೀಮೋ ಆದ ರಾತ್ರಿ ಮೂತ್ರ ಕೆಂಪಗೆ ಹೋಯಿತು ಅಂತ ಅಮ್ಮ ಹೆದರಿ ಅಳುತ್ತಾ ಕೂತಿದ್ದರು. ಅಲ್ಲಿನ ಡಾಕ್ಟರಿಗೆ ಫೋನ್ ಮಾಡಿದರೆ "ಔಷಧಿ ಬಣ್ಣ ಕಣೋ ಅದು, ರಕ್ತ ಅಲ್ಲ, ಚೆನ್ನಾಗಿ ನೀರು ಕುಡಿಸಿ ಮಲಗಿಸು" ಅಂದರು. ಅಷ್ಟೇ ಸಾಕಾಯಿತು.

ಆ ಡಾಕ್ಟರಿಗೆ ಎಪ್ಪತ್ತು ದಾಟಿದೆ, ಮಕ್ಕಳು ಹೊರದೇಶದಲ್ಲಿ. ಹೋದ ತಿಂಗಳು ನರ್ಸಿಂಗ್ ಹೋಂಗೆ ಬೀಗ ಬಿತ್ತು. ಯಾರೋ ಕೊಂಡುಕೊಳ್ಳುತ್ತಾರೆ ಅಂದರು, ಯಾರೂ ಬರಲಿಲ್ಲ.

ಈಗ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಚಿಕ್ಕಪ್ಪ ಎಲ್ಲ ಬಿಟ್ಟು ಬೆಂಗಳೂರಿಗೆ ಕರೆದುಕೊಂಡು ಹೋಗು ಅನ್ನುತ್ತಾರೆ. ಅಕ್ಕ ಹಾಸನದಲ್ಲಿದ್ದಾಳೆ, ನಮ್ಮ ಮನೆಯಲ್ಲೇ ಇರಲಿ ಅನ್ನುತ್ತಾಳೆ. ಅಮ್ಮ ಮಾತ್ರ "ಈ ಮಳೆ ಕಳೆಯಲಿ, ಆಮೇಲೆ ನೋಡೋಣ, ಎಲ್ಲಿಗೂ ಬೇಡ" ಅಂತ ಹಟ. ಮೃಗಶಿರ ಶುರುವಾಗಿದೆ. ಮಂಗಳೂರಿಗೆ ಇಳಿಯುವ ಚಾರ್ಮಾಡಿ ಘಾಟಿ ಯಾವ ದಿನ ಏನಾಗುತ್ತದೋ ಹೇಳಲಾಗದು, ರಾತ್ರಿ ಹೊರಟರೆ ದಾರಿಯಲ್ಲಿ ಆನೆ ಭಯ ಬೇರೆ. ರೇಷನ್ ಕಾರ್ಡ್ ಎಪಿಎಲ್.

ನನ್ನ ಪ್ರಶ್ನೆ ಇಷ್ಟು. ಅರ್ಧದಲ್ಲಿ ಆಸ್ಪತ್ರೆ ಬದಲಾಯಿಸಬಹುದಾ? ಮಳೆ ಮುಗಿಯುವ ತನಕ ಕೀಮೋ ನಿಲ್ಲಿಸಿದರೆ ತೊಂದರೆ ಇದೆಯಾ? ಹತ್ತಿರದಲ್ಲೇ ಯಾರಾದರೂ ಕೀಮೋ ಹಾಕುತ್ತಾರಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಗೊರೂರು_ಗಿರಿ

ಕಣ್ಣು ಮುಚ್ಚಿಕೊಂಡು ಕಿದ್ವಾಯಿಗೆ ಹೋಗಿ ಸರ್. 1973ರಿಂದ ಇರುವ ಸರ್ಕಾರಿ ಸಂಸ್ಥೆ, ಕ್ಯಾನ್ಸರ್ ಬಿಟ್ಟು ಬೇರೆ ನೋಡುವುದಿಲ್ಲ. ನಮ್ಮ ಅತ್ತೆಗೆ ಅಲ್ಲೇ ಆಯಿತು, ಈಗ ಮೊಮ್ಮಕ್ಕಳನ್ನು ಎತ್ತಿಕೊಂಡು ಓಡಾಡುತ್ತಾರೆ. ರಶ್ ಜಾಸ್ತಿ, ಬೆಳಗ್ಗೆ ಬೇಗ ಹೋಗಿ ಕ್ಯೂ ನಿಲ್ಲಬೇಕು, ಅದೊಂದು ತಡೆದುಕೊಳ್ಳಬೇಕು ಅಷ್ಟೇ. ಇದ್ದುಬಿಡಲು ಧರ್ಮಶಾಲೆಯೂ ಇದೆ. ಬೆಂಗಳೂರಿನಲ್ಲಿ ನೆಂಟರಿದ್ದರೆ ಇನ್ನೇನು ಯೋಚನೆ?

ಸಿಸ್ಟರ್_ಸಕಲೇಶಪುರ

ನಾನು ಮೈಸೂರಿನಲ್ಲಿ ಕ್ಯಾನ್ಸರ್ ವಾರ್ಡಿನಲ್ಲಿ ಕೆಲಸ ಮಾಡುವವಳು, ಊರು ಸಕಲೇಶಪುರದ ಹತ್ತಿರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ ಅಣ್ಣ.

ಮೊದಲು ಅಮ್ಮನ ಮಾತಿಗೆ. ಮಳೆ ಕಳೆಯುವ ತನಕ ನಿಲ್ಲಿಸುವುದು ಬೇಡವೇ ಬೇಡ. ಕೌಂಟ್ ಬರಲಿಲ್ಲ ಅಂತ ಡಾಕ್ಟರೇ ಒಂದು ವಾರ ಮುಂದೆ ಹಾಕುವುದು ಬೇರೆ, ನಾವಾಗಿ ಮೂರು ನಾಲ್ಕು ತಿಂಗಳು ಬಿಡುವುದು ಬೇರೆ. ಆಪರೇಷನ್ ಆದ ಮೇಲೆ ಕೀಮೋ ಕೊಡುವುದೇ ಕಣ್ಣಿಗೆ ಕಾಣದ್ದು ಎಲ್ಲಾದರೂ ಉಳಿದಿದ್ದರೆ ಅದನ್ನು ಸಾಯಿಸಲು. ನಾವು ಮಳೆಗೆ ರಜ ಕೊಟ್ಟರೆ ಅದು ರಜ ತೆಗೆದುಕೊಳ್ಳುವುದಿಲ್ಲ.

ನೀವು ಯಾವ ಊರು ಅಂತ ಕೇಳಿದ್ದೀರಿ. ಅದು ಎರಡು ಬೇರೆ ಬೇರೆ ಪ್ರಶ್ನೆ. ಕೀಮೋ ಎಲ್ಲಿ ಹಾಕಿಸುವುದು ಅನ್ನುವುದು ಒಂದು. ರಾತ್ರಿ ಎರಡು ಗಂಟೆಗೆ ಜ್ವರ ಬಂದರೆ ಎಲ್ಲಿಗೆ ಓಡುವುದು ಅನ್ನುವುದು ಇನ್ನೊಂದು. ಎಲ್ಲರೂ ಮೊದಲನೆಯದಕ್ಕೇ ತಲೆ ಕೆಡಿಸಿಕೊಳ್ಳುತ್ತಾರೆ. ನಾನಾದರೆ ಎರಡನೆಯದನ್ನು ಮೊದಲು ಬಗೆಹರಿಸುತ್ತೇನೆ. ಕೀಮೋ ದಿನ ಗೊತ್ತಿರುತ್ತದೆ, ಮಳೆ ನೋಡಿಕೊಂಡು ಹಿಂದಿನ ದಿನವೇ ಹೊರಡಬಹುದು. ಜ್ವರ ಹೇಳಿ ಬರುವುದಿಲ್ಲ. ನಿಮಗೆ ಈಗ ಕಳೆದುಹೋಗಿರುವುದು ಕೀಮೋ ಕೊಡುವ ಜಾಗ ಅಲ್ಲ, ಅದು ಮಂಗಳೂರಿನಲ್ಲಿ ಹಾಗೇ ಇದೆ. ಹೋಗಿರುವುದು ಜ್ವರದ ಜಾಗ.

ಯಾಕೆ ಇಷ್ಟು ಹೇಳುತ್ತೇನೆ ಅಂದರೆ, ಕೀಮೋ ಆದ ಏಳರಿಂದ ಹದಿನಾಲ್ಕು ದಿನದೊಳಗೆ ಬಿಳಿ ರಕ್ತಕಣ ತುಂಬಾ ಕೆಳಗೆ ಬೀಳುತ್ತದೆ. ಆಗ 100.4 ಡಿಗ್ರಿ ದಾಟಿದರೆ ಅದು ಸಾಮಾನ್ಯ ಜ್ವರ ಅಲ್ಲ, ಎಮರ್ಜೆನ್ಸಿ. ಡೋಲೋ ಕೊಟ್ಟು ಬೆಳಗ್ಗೆ ತನಕ ನೋಡೋಣ ಅನ್ನುವಂತಿಲ್ಲ. ಆಸ್ಪತ್ರೆ ಬಾಗಿಲು ತಲುಪಿದ ಒಂದು ಗಂಟೆಯೊಳಗೆ ನರಕ್ಕೆ ಆಂಟಿಬಯೋಟಿಕ್ ಹೋಗಬೇಕು. ಇದಕ್ಕೆ ಕ್ಯಾನ್ಸರ್ ಡಾಕ್ಟರೇ ಬೇಕಂತಿಲ್ಲ. ಒಬ್ಬ ಫಿಸಿಶಿಯನ್, ರಾತ್ರಿ ತೆರೆದಿರುವ ಲ್ಯಾಬ್, ಒಂದು ಹಾಸಿಗೆ ಇದ್ದರೆ ಆಯಿತು. ನಿಮ್ಮ ಮುಚ್ಚಿದ ನರ್ಸಿಂಗ್ ಹೋಂ ಮಾಡುತ್ತಿದ್ದದ್ದು ಇದೇ ಕೆಲಸ.

ಹಾಗಾಗಿ ಮುಂದಿನ ಸಲ ಮಂಗಳೂರಿಗೆ ಹೋದಾಗ ಒಂದು ಕೆಲಸ ಮಾಡಿ. ಡಾಕ್ಟರ್ ಹತ್ತಿರ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಬರೆಸಿಕೊಳ್ಳಿ. ಯಾವ ಔಷಧಿ, ಯಾವ ದಿನ ಕೊಟ್ಟದ್ದು, ಜ್ವರ ಬಂದರೆ ಯಾವ ರಕ್ತ ಪರೀಕ್ಷೆ, ಯಾವ ಆಂಟಿಬಯೋಟಿಕ್ ಶುರು ಮಾಡಬೇಕು, ಯಾವ ನಂಬರಿಗೆ ಫೋನ್ ಮಾಡಬೇಕು. ಅದನ್ನು ತೆಗೆದುಕೊಂಡು ಜ್ವರ ಇಲ್ಲದಿರುವಾಗಲೇ, ಹಗಲು ಹೊತ್ತಿನಲ್ಲಿ, ತಾಲ್ಲೂಕು ಆಸ್ಪತ್ರೆಯ ಡಾಕ್ಟರನ್ನು ನೋಡಿ ಮಾತಾಡಿ. ಮೊದಲ ಡೋಸ್ ಅಲ್ಲೇ ಕೊಟ್ಟು ಆಮೇಲೆ 108ರಲ್ಲಿ ಚಿಕ್ಕಮಗಳೂರಿಗೆ ಕಳಿಸಿದರೂ ಸಾಕು. ಮೂಡಿಗೆರೆಯಿಂದ ಚಿಕ್ಕಮಗಳೂರು ಹೆಚ್ಚು ಕಡಿಮೆ 30 ಕಿಲೋಮೀಟರ್, ಘಾಟಿ ಇಳಿಯುವ ಪ್ರಶ್ನೆಯೂ ಇಲ್ಲ. ಕ್ಯಾಶುವಾಲ್ಟಿಗೆ ಕಾಲಿಟ್ಟ ಕೂಡಲೇ ಬಾಯಿಂದ ಬರಬೇಕಾದ ಮೊದಲ ಮಾತು "ಕೀಮೋ ಪೇಷೆಂಟ್". ಜ್ವರ ಅಂದರೆ ಬೆಂಚಿನ ಮೇಲೆ ಕೂರಿಸುತ್ತಾರೆ.

ಮಾರನೇ ದಿನದ ಇಂಜೆಕ್ಷನ್ ಬಗ್ಗೆ. ಕೌಂಟ್ ಏರಿಸಲು ಕೊಡುವುದು ಅದು, ಕೀಮೋ ಆಗಿ 24 ಗಂಟೆ ಕಳೆದ ಮೇಲೆ. ಚರ್ಮದ ಕೆಳಗೆ ಚುಚ್ಚುವುದು, ಹೊಟ್ಟೆಯ ಮೇಲೆ. ಸಕ್ಕರೆ ಕಾಯಿಲೆಯವರು ಇನ್ಸುಲಿನ್ ತೆಗೆದುಕೊಳ್ಳುವುದಿಲ್ಲವಾ, ಅದೇ ರೀತಿ. ವಾರ್ಡಿನ ಸಿಸ್ಟರ್ ಹತ್ತಿರ ಕೇಳಿ ಕಲಿತುಕೊಂಡರೆ ಮನೆಯಲ್ಲೇ ಕೊಡಬಹುದು, ಇಲ್ಲವಾದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಸ್ಟರ್ ಕೊಡುತ್ತಾರೆ. ಆದರೆ ಅದು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕು. ಮಂಗಳೂರಿನಿಂದ ತರುವಾಗ ಥರ್ಮಾಸ್‌ನಲ್ಲಿ ಐಸ್ ಹಾಕಿ, ಇಂಜೆಕ್ಷನ್‌ಗೆ ಬಟ್ಟೆ ಸುತ್ತಿ ಇಡಿ. ಐಸ್ ನೇರವಾಗಿ ತಾಗಿ ಹೆಪ್ಪುಗಟ್ಟಿದರೆ ಹಾಳು. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋದರೆ ಎರಡು ದಿನ ಬರುವುದಿಲ್ಲ, ಫ್ರಿಜ್ ನಂಬಿಕೊಂಡು ಮುಂಚೆಯೇ ತಂದು ಇಡಬೇಡಿ.

ಹಳೇ_ಪ್ಲಾಂಟರ್

ಸಿಸ್ಟರ್ ಸರಿಯಾಗಿ ಹೇಳಿದ್ದಾರೆ. ಆದರೆ ಈ ನರ್ಸಿಂಗ್ ಹೋಂಗಳು ಯಾಕೆ ಮುಚ್ಚುತ್ತವೆ ಅಂತ ಯಾರೂ ಮಾತಾಡುವುದಿಲ್ಲ, ಅದಕ್ಕೆ ನಾನು ಹೇಳುತ್ತೇನೆ.

ಒಂದು ಕಾಲದಲ್ಲಿ ನಮ್ಮ ಭಾಗದಲ್ಲಿ ದೊಡ್ಡ ಎಸ್ಟೇಟ್ ಅಂದರೆ ಒಂದು ಡಿಸ್ಪೆನ್ಸರಿ, ಒಬ್ಬ ಕಾಂಪೌಂಡರ್ ಇದ್ದೇ ಇರುತ್ತಿದ್ದ. 1951ರ ಪ್ಲಾಂಟೇಶನ್ ಲೇಬರ್ ಕಾಯ್ದೆಯಲ್ಲೇ ಆಳುಗಳಿಗೆ ಔಷಧೋಪಚಾರ ಕೊಡಬೇಕು ಅಂತ ಇತ್ತು. 2000ದ ಆಚೆ ಈಚೆ ಕಾಫಿ ರೇಟು ನೆಲ ಕಚ್ಚಿತಲ್ಲ, ಆಗ ಮೊದಲು ಕತ್ತರಿ ಬಿದ್ದದ್ದು ಇಂಥದ್ದಕ್ಕೇ. ಕುದುರೆಮುಖದಲ್ಲಿ 2005ರ ಕೊನೆಗೆ ಗಣಿ ನಿಂತಿತು, ಟೌನ್‌ಶಿಪ್ ಖಾಲಿಯಾಯಿತು. ಕಳಸದವರನ್ನು ಕೇಳಿ, ಹೇಳುತ್ತಾರೆ.

ಪೇಟೆಯ ನರ್ಸಿಂಗ್ ಹೋಂ ಕಥೆ ಬೇರೆ. ಡಾಕ್ಟರಿಗೆ ವಯಸ್ಸಾಯಿತು, ಮಕ್ಕಳು ಓದಿ ಡಾಕ್ಟರಾದರೂ ಇಲ್ಲಿಗೆ ಬರುವುದಿಲ್ಲ. ತರಬೇತಿ ಆದ ಸಿಸ್ಟರ್‌ಗಳು ಬೆಂಗಳೂರಿಗೋ ಗಲ್ಫ್‌ಗೋ ಹೋಗುತ್ತಾರೆ, ತಪ್ಪೇನಿಲ್ಲ, ಇಲ್ಲಿ ಕೊಡುವ ಸಂಬಳಕ್ಕೆ ಯಾರು ಇರುತ್ತಾರೆ? ಅದರ ಮೇಲೆ ಫೈರ್ ಸರ್ಟಿಫಿಕೇಟು, ತ್ಯಾಜ್ಯದ ಒಪ್ಪಂದ, ನೋಂದಣಿ. 2017ರಲ್ಲಿ ಖಾಸಗಿ ಆಸ್ಪತ್ರೆಗಳ ಕಾಯ್ದೆ ತಿದ್ದುಪಡಿ ಆದಾಗ ಡಾಕ್ಟರುಗಳು ಮುಷ್ಕರ ಮಾಡಿದ್ದು ನೆನಪಿದೆಯಲ್ಲ. ನಿಯಮ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹತ್ತು ಹಾಸಿಗೆಯವನಿಗೂ ಇನ್ನೂರು ಹಾಸಿಗೆಯವನಿಗೂ ಒಂದೇ ತರದ ಕಾಗದ ಪತ್ರ ಅಂದರೆ ಹತ್ತು ಹಾಸಿಗೆಯವನು ಬೀಗ ಹಾಕುತ್ತಾನೆ. ಇನ್ನೂ ಒಂದು ಇದೆ, ಹೇಳಿದರೆ ಕೋಪ ಬರುತ್ತದೆ. ಕೈಯಲ್ಲಿ ಕಾರು ಬಂದ ಮೇಲೆ ನೆಗಡಿಗೂ ಮಂಗಳೂರಿಗೆ ಹೋದವರು ನಮ್ಮವರೇ. ಇರುವ ಡಾಕ್ಟರಿಗೆ ರಾತ್ರಿ ಕೇಸು ಮಾತ್ರ ಉಳಿಯಿತು, ಅದೂ ಸಾಲದ ಲೆಕ್ಕದಲ್ಲಿ.

ಇರಲಿ ಬಿಡಿ. ತಮ್ಮಾ, ಒಂದು ಸಲಹೆ. ನಮ್ಮ ನೆಂಟರೊಬ್ಬರಿಗೆ ಔಷಧಿ ದೊಡ್ಡ ಆಸ್ಪತ್ರೆಯಿಂದ ತಂದು ಇಲ್ಲೇ ಒಬ್ಬ ಅನುಭವದ ಕಾಂಪೌಂಡರ್ ಕೈಯಲ್ಲಿ ಡ್ರಿಪ್ ಹಾಕಿಸಿದ್ದರು. ಖರ್ಚೂ ಉಳಿಯಿತು, ಓಡಾಟವೂ ಉಳಿಯಿತು. ಔಷಧಿ ಅದೇ ತಾನೇ?

ಸಿಸ್ಟರ್_ಸಕಲೇಶಪುರ

ಅಂಕಲ್, ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಇದೊಂದು ಮಾತ್ರ ಯಾರೂ ಮಾಡಬೇಡಿ.

ಆ ಕೆಂಪು ಔಷಧಿ ನರದಿಂದ ಸ್ವಲ್ಪ ಆಚೆ ಸೋರಿದರೂ ಚರ್ಮ, ಮಾಂಸ ಕೊಳೆಯುತ್ತದೆ. ಕೆಲವರಿಗೆ ಆ ಜಾಗಕ್ಕೆ ಆಮೇಲೆ ಆಪರೇಷನ್ ಮಾಡಬೇಕಾಗಿ ಬಂದಿದೆ. ನಾವು ವಾರ್ಡಿನಲ್ಲಿ ಅದನ್ನು ಕೊಡುವಾಗ ಬಾಟಲಿ ತೂಗುಹಾಕಿ ಆಚೆ ಹೋಗುವುದಿಲ್ಲ, ಪಕ್ಕದಲ್ಲೇ ಕೂತು, ನರದಲ್ಲಿ ರಕ್ತ ವಾಪಸ್ ಬರುತ್ತದಾ ಅಂತ ಆಗಾಗ ಎಳೆದು ನೋಡಿ, "ಉರಿ ಇದೆಯಾ ಅಮ್ಮಾ" ಅಂತ ಕೇಳುತ್ತಲೇ ಕೊಡುತ್ತೇವೆ. ಔಷಧಿ ಬೆರೆಸುವುದಕ್ಕೂ ಬೇರೆ ಕ್ಯಾಬಿನೆಟ್ ಇರುತ್ತದೆ, ಬೆರೆಸುವವರ ಮೈಗೂ ಅದು ಒಳ್ಳೆಯದಲ್ಲ. ಇನ್ನೊಂದು, ಅದು ಹೃದಯಕ್ಕೂ ಭಾರ. ಅದಕ್ಕೇ ಶುರು ಮಾಡುವ ಮೊದಲು ಎಕೋ ಮಾಡಿಸುತ್ತಾರೆ, ಒಟ್ಟು ಎಷ್ಟು ಹೋಯಿತು ಅಂತ ಲೆಕ್ಕ ಇಡುತ್ತಾರೆ. ನಿಮ್ಮ ನೆಂಟರಿಗೆ ಏನೂ ಆಗಲಿಲ್ಲ, ಸಂತೋಷ. ಆಗಿದ್ದರೆ ಆ ಕಾಂಪೌಂಡರ್ ಏನು ಮಾಡುತ್ತಿದ್ದರು?

ಹತ್ತಿರದಲ್ಲಿ ಕೊಡಿಸಬಹುದಾದದ್ದು ಇದೆ, ಅದು ಎರಡನೇ ಭಾಗ. ವಾರ ವಾರದ ಔಷಧಿ. ಅದಕ್ಕೆ ಮೊದಲ ಒಂದೆರಡು ಸಲ ಅಲರ್ಜಿ ಆಗುವ ಭಯ ಇರುತ್ತದೆ, ಆದ್ದರಿಂದ ಅವನ್ನು ದೊಡ್ಡ ಆಸ್ಪತ್ರೆಯಲ್ಲೇ ಮಾಡಿಸಿ. ಏನೂ ತೊಂದರೆ ಆಗದಿದ್ದರೆ ಮಿಕ್ಕದ್ದನ್ನು ಹತ್ತಿರದ ಡೇ ಕೇರ್‌ನಲ್ಲಿ, ಅಂದರೆ ಹಾಕಿಸಿಕೊಂಡು ಅದೇ ದಿನ ಮನೆಗೆ ಹೋಗುವ ಕಡೆ, ಮಾಡಿಸಬಹುದಾ ಅಂತ ಮಂಗಳೂರಿನ ಡಾಕ್ಟರನ್ನೇ ಕೇಳಿ. ರಾಜ್ಯ ಸರ್ಕಾರ 2025ರಲ್ಲಿ 16 ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕೀಮೋ ಶುರು ಮಾಡಿತು. ಅದೇ ವರ್ಷದ ಕೇಂದ್ರ ಬಜೆಟ್‌ನಲ್ಲಿ ಮೂರು ವರ್ಷದೊಳಗೆ ದೇಶದ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲೂ ಮಾಡುತ್ತೇವೆ ಅಂದಿದ್ದಾರೆ. ಚಿಕ್ಕಮಗಳೂರಿನ ಮಲ್ಲೇಗೌಡ ಆಸ್ಪತ್ರೆಯಲ್ಲೂ ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಹಿಮ್ಸ್‌ನಲ್ಲೂ ನೇರವಾಗಿ ಹೋಗಿ ಕೇಳಿ. "ಕೀಮೋ ಇದೆಯಾ" ಅಂತ ಸುಮ್ನೆ ಕೇಳಬೇಡಿ. ಈ ಔಷಧಿ ಇದೆಯಾ, ಕೊಡುವ ಸಿಸ್ಟರ್ ತರಬೇತಿ ಆದವರಾ, ವಾರದಲ್ಲಿ ಯಾವ ದಿನ ಅಂತ ಕೇಳಿ. ಕೆಂಪು ಔಷಧಿ ಮುಗಿಯುವ ಹೊತ್ತಿಗೆ ಆಷಾಢ ಬಂದಿರುತ್ತದೆ, ಅದಾದ ಮೇಲೆ ಹನ್ನೆರಡು ವಾರ ಅಂದರೆ ರೇಡಿಯೇಶನ್ ದಸರಾ ಕಳೆದು ಬರುತ್ತದೆ. ಆಗ ಘಾಟಿ ಚಿಂತೆ ಇರುವುದಿಲ್ಲ.

ಎಲ್ಲವನ್ನೂ ಬದಲಾಯಿಸುವುದೇ ಆದರೆ ಬಯಾಪ್ಸಿ ರಿಪೋರ್ಟ್, ಗಂಟು ಯಾವ ತರದ್ದು ಅಂತ ಹೇಳುವ ಇಆರ್ ಪಿಆರ್ ಹರ್2 ರಿಪೋರ್ಟ್, ಆಪರೇಷನ್ ನೋಟ್ಸ್, ಎಕೋ, ಪ್ರತಿ ಕೀಮೋದ ಡೋಸ್ ಬರೆದ ಸಮ್ಮರಿ, ಲ್ಯಾಬಿನಲ್ಲಿ ಗಂಟಿನ ತುಣುಕು ಇಟ್ಟಿರುವ ಮೇಣದ ಬ್ಲಾಕ್ ಮತ್ತು ಸ್ಲೈಡ್, ಇಷ್ಟನ್ನೂ ತೆಗೆದುಕೊಳ್ಳದೆ ಬರಬೇಡಿ. ಬ್ಲಾಕ್ ಕೇಳಿದರೆ ಕೊಡುತ್ತಾರೆ, ಸಹಿ ಹಾಕಿಸಿಕೊಳ್ಳುತ್ತಾರೆ ಅಷ್ಟೇ.

ಹಳೇ_ಪ್ಲಾಂಟರ್

ಸರಿಯಮ್ಮಾ, ಒಪ್ಪಿದೆ. ಅವರಿಗೂ ಈ ಮಾತು ತಲುಪಿಸುತ್ತೇನೆ.

ಅರಸೀಕೆರೆ_ತೆಂಗು

ನಾನು ಗ್ರಾಮ ಒನ್ ಸೆಂಟರ್ ನಡೆಸುತ್ತೇನೆ, ಕಾರ್ಡಿನ ವಿಷಯ ಹೇಳುತ್ತೇನೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಇದ್ದರೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಎಪಿಎಲ್ ಆದರೆ ಪ್ಯಾಕೇಜ್ ದರದಲ್ಲಿ, ಅಂದರೆ ಆ ಚಿಕಿತ್ಸೆಗೆ ಯೋಜನೆ ನಿಗದಿ ಮಾಡಿದ ದರದಲ್ಲಿ, ಶೇಕಡ 30 ಸರ್ಕಾರ ಕೊಡುತ್ತದೆ, ಮಿಕ್ಕ 70 ನೀವು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ಕಡಿಮೆ ಅನ್ನಿಸಬಹುದು, ಆದರೆ ಪ್ಯಾಕೇಜ್ ದರವೇ ಹೊರಗಿನ ಬಿಲ್ಲಿಗಿಂತ ಕಡಿಮೆ ಇರುವುದರಿಂದ ಲೆಕ್ಕ ಹಾಕಿದರೆ ಉಳಿಯುತ್ತದೆ.

ಜನ ಎಡವುವುದು ಒಂದು ಕಡೆ. ಖಾಸಗಿ ಆಸ್ಪತ್ರೆಯಲ್ಲಿ ಯೋಜನೆ ಬಳಸಬೇಕಾದರೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಬೇಕು, ಅದನ್ನು ಮೊದಲೇ ತೆಗೆದುಕೊಳ್ಳಬೇಕು. ದುಡ್ಡು ಕಟ್ಟಿ ಬಿಲ್ ಹಿಡಿದು ಆಮೇಲೆ ಬಂದು ವಾಪಸ್ ಕೊಡಿ ಅಂದರೆ ಆಗುವುದಿಲ್ಲ. ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ಆರೋಗ್ಯಮಿತ್ರ ಅಂತ ಕೌಂಟರ್ ಇರುತ್ತದೆ, ಬಿಲ್ಲಿಂಗ್‌ಗೆ ಹೋಗುವ ಮೊದಲು ಅಲ್ಲಿಗೆ ಹೋಗಿ. ಊರು ಬದಲಾಯಿಸಿದರೆ ಹೊಸ ಆಸ್ಪತ್ರೆಯವರು ಮತ್ತೆ ಅನುಮತಿ ಹಾಕಬೇಕು, ಅದಕ್ಕೆ ಒಂದೆರಡು ದಿನ ಹಿಡಿಯಬಹುದು, ಕೀಮೋ ಬೆಳಗ್ಗೆಯೇ ಹೋಗಿ ಕೂತರೆ ಜಗಳ ಆಗುತ್ತದೆ. ಆಧಾರ್‌ನಲ್ಲೂ ರೇಷನ್ ಕಾರ್ಡ್‌ನಲ್ಲೂ ಅಮ್ಮನ ಹೆಸರು ಒಂದೇ ತರ ಇದೆಯಾ ಅಂತ ಇವತ್ತೇ ನೋಡಿಕೊಳ್ಳಿ. ಒಂದರಲ್ಲಿ "ಜಯಮ್ಮ" ಇನ್ನೊಂದರಲ್ಲಿ "ಜಯಲಕ್ಷ್ಮಮ್ಮ" ಇದ್ದು ಆಸ್ಪತ್ರೆ ಬಾಗಿಲಲ್ಲಿ ನಿಂತು ನಮಗೆ ಫೋನ್ ಮಾಡುವವರು ಎಷ್ಟೋ ಜನ.

ದೂರದ_ಅರಕಲಗೂಡು

ನಾನಿರುವುದು ಅಮೆರಿಕಾದ ಹಳ್ಳಿ ಭಾಗದಲ್ಲಿ. ಇಲ್ಲಿ ಎಲ್ಲ ಚೆನ್ನಾಗಿದೆ ಅಂದುಕೊಳ್ಳುತ್ತೀರಿ, ಅಲ್ವಾ? 2010ರಿಂದ ಈಚೆಗೆ ಇಲ್ಲಿ ನೂರಕ್ಕೂ ಹೆಚ್ಚು ಗ್ರಾಮೀಣ ಆಸ್ಪತ್ರೆಗಳು ಮುಚ್ಚಿವೆ, ಇಲ್ಲವೇ ಒಳರೋಗಿಗಳನ್ನು ಸೇರಿಸಿಕೊಳ್ಳುವುದು ನಿಲ್ಲಿಸಿವೆ. ರೋಗಿಗಳು ಕಡಿಮೆ, ಸರ್ಕಾರದ ವಿಮೆ ಕೊಡುವ ದುಡ್ಡು ಸಾಲುವುದಿಲ್ಲ, ಡಾಕ್ಟರ್ ಸಿಗುವುದಿಲ್ಲ. ಬಡವರ ವಿಮೆಯನ್ನು ವಿಸ್ತರಿಸದ ರಾಜ್ಯಗಳಲ್ಲಿ ಪೆಟ್ಟು ಜಾಸ್ತಿ. ಒಂದೇ ಸಲ ಬೀಗ ಹಾಕುವುದಿಲ್ಲ, ಮೊದಲು ಹೆರಿಗೆ ವಾರ್ಡ್ ನಿಲ್ಲಿಸುತ್ತಾರೆ, ಆಮೇಲೆ ಕೀಮೋ. ಪ್ಲಾಂಟರ್ ಅಂಕಲ್ ಹೇಳಿದ ಕಾರಣಗಳಿಗೂ ಇದಕ್ಕೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ ನನಗೆ.

ಒಂದು ಒಳ್ಳೆಯದೂ ಇದೆ. 1997ರಲ್ಲಿ ಇಲ್ಲಿ ಒಂದು ಕಾನೂನು ಮಾಡಿದರು. ದೂರದ ಊರುಗಳಲ್ಲಿ 25 ಹಾಸಿಗೆಯೊಳಗಿನ ಆಸ್ಪತ್ರೆಗಳಿಗೆ, ವೃದ್ಧರ ಸರ್ಕಾರಿ ವಿಮೆಯವರು ಒಂದೇ ಪ್ಯಾಕೇಜ್ ದರ ಅಂತ ಕೊಡದೆ, ಆದ ಖರ್ಚಿನ ಲೆಕ್ಕದಲ್ಲಿ ದುಡ್ಡು ಕೊಡುತ್ತಾರೆ. ಅದರಿಂದ ಎಷ್ಟೋ ಚಿಕ್ಕ ಆಸ್ಪತ್ರೆ ಉಸಿರಾಡುತ್ತಿವೆ. ಮಲೆನಾಡಿನ ಹತ್ತು ಹಾಸಿಗೆಯ ನರ್ಸಿಂಗ್ ಹೋಂಗೂ ಬೆಂಗಳೂರಿನ ಕಾರ್ಪೊರೇಟ್ ಆಸ್ಪತ್ರೆಗೂ ಒಂದೇ ಅಳತೆ ಯಾಕೆ ಅಂತ ನಮ್ಮ ಶಾಸಕರನ್ನೂ ಯಾರಾದರೂ ಕೇಳಬೇಕು.

ಗೊರೂರು_ಗಿರಿ

ಸಾರ್, ಅವರ ಅಮ್ಮನಿಗೆ ಮುಂದಿನ ವಾರ ಕೀಮೋ ಇದೆ. ಶಾಸಕರನ್ನು ಆಮೇಲೆ ಕೇಳೋಣ.

ಕೊಪ್ಪದವಳು

ನಾನು ಓಡಾಟದ ಬಗ್ಗೆ ಮಾತ್ರ ಹೇಳುತ್ತೇನೆ ಮಾರಾಯ್ರೆ, ಅದರಲ್ಲಿ ನನಗೆ ಡಿಗ್ರಿ ಕೊಡಬಹುದು. ಅಪ್ಪನಿಗೆ ಬಾಯಿ ಕ್ಯಾನ್ಸರ್, ಮಣಿಪಾಲದಲ್ಲಿ ಆಯಿತು. ನಮ್ಮ ಕಡೆ ಸಹಕಾರ ಸಾರಿಗೆ ಸಂಘದ ಬಸ್ಸುಗಳು 2020ರಲ್ಲಿ ನಿಂತ ಮೇಲೆ ಒಳಗಿನ ಊರುಗಳಿಂದ ಪೇಟೆಗೆ ಬರುವುದೇ ಒಂದು ಕಷ್ಟ. ಬಸ್ಸು ನಂಬಿಕೊಂಡರೆ ಬೆಳಗಿನ ಜಾವವೇ ರಸ್ತೆಗೆ ಬಂದು ನಿಂತಿರಬೇಕು. ಆಗುಂಬೆ ಘಾಟಿಯಲ್ಲಿ ಪ್ರತಿ ತಿರುವಿಗೂ ವಾಂತಿ, ಸೀಟಿಗೆ ಪ್ಲಾಸ್ಟಿಕ್ ಕವರ್ ಕಟ್ಟಿಕೊಂಡೇ ಕೂರುತ್ತಿದ್ದೆವು. ವಾಂತಿ ಮಾತ್ರೆಯನ್ನು ಆಸ್ಪತ್ರೆಯಲ್ಲೇ ನುಂಗಿಸಿ ಹೊರಡಿ, ಘಾಟಿ ಶುರುವಾದ ಮೇಲೆ ಕೊಟ್ಟರೆ ಉಪಯೋಗ ಇಲ್ಲ. ಕೀಮೋ ಆದ ದಿನವೇ ವಾಪಸ್ ಬರಬೇಡಿ, ಒಂದು ರಾತ್ರಿ ಕೆಳಗೇ ಉಳಿಯಿರಿ.

ನಿಮ್ಮ ಚಾರ್ಮಾಡಿ 2019ರ ಆಗಸ್ಟ್‌ನಲ್ಲಿ ಕುಸಿದು ತಿಂಗಳುಗಟ್ಟಲೆ ಬಂದ್ ಆಗಿತ್ತಲ್ಲ, ಹಾಗಾಗಿ ಎರಡನೇ ದಾರಿ ಒಂದನ್ನು ಮೊದಲೇ ಯೋಚನೆ ಮಾಡಿ ಇಟ್ಟುಕೊಳ್ಳಿ. ಕಳಸ, ಕುದುರೆಮುಖ, ಕಾರ್ಕಳ ಒಂದು ದಾರಿ. ಸಕಲೇಶಪುರಕ್ಕೆ ಹೋಗಿ ರೈಲು ಹತ್ತುವುದು ಇನ್ನೊಂದು, ಆದರೆ 2024ರ ಮಳೆಗೆ ಆ ಘಾಟಿಯ ಹಳಿಯೂ ಕುಸಿದಿತ್ತು. ಮೂರೂ ಬಂದ್ ಆದರೆ ಹಾಸನವೇ ಗತಿ. ಆದ್ದರಿಂದ ಅಕ್ಕ ಹಾಸನದಲ್ಲಿರುವುದು ನಿಮ್ಮ ಪುಣ್ಯ ಅಂದುಕೊಳ್ಳಿ. ನನ್ನ ಲೆಕ್ಕದಲ್ಲಿ ಕೀಮೋ ಆದ ಮೊದಲ ಎರಡು ವಾರ, ಅಂದರೆ ಸಿಸ್ಟರ್ ಹೇಳಿದ ಆ ಜ್ವರದ ದಿನಗಳು, ಅಮ್ಮ ಅಕ್ಕನ ಮನೆಯಲ್ಲಿರಲಿ. ಹಿಮ್ಸ್ ಅಲ್ಲೇ ಇದೆ, ಆನೆಯ ಭಯವೂ ಇಲ್ಲ. ಮೂರನೇ ವಾರ ತೋಟಕ್ಕೆ ಬಂದು ಹೋಗಲಿ, ಅವರಿಗೂ ಮನಸ್ಸಿಗೆ ಸಮಾಧಾನ. ಆಪರೇಷನ್ ಮಾಡಿದ ಡಾಕ್ಟರನ್ನು ಬಿಡುವುದೂ ಬೇಕಿಲ್ಲ, ಇಡೀ ಮಳೆಗಾಲ ಘಾಟಿ ಮೇಲೆ ಜ್ವರ ಕಾಯುತ್ತಾ ಕೂರುವುದೂ ಬೇಕಿಲ್ಲ.

ಸರ್ಕಾರಿ ಬಸ್ಸಿನಲ್ಲಿ ಅಮ್ಮನಿಗೆ ಶಕ್ತಿ ಯೋಜನೆಯಲ್ಲಿ ಟಿಕೆಟ್‌ಗೆ ದುಡ್ಡು ಕೊಡಬೇಕಿಲ್ಲ, ರಾಜಹಂಸ ಐರಾವತ ಬಿಟ್ಟು. ರೈಲಿನಲ್ಲಿ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ತ್ರೀ ಟಯರ್ ಎಸಿ ಪೂರ್ತಿ ಉಚಿತ, ಜೊತೆಗೆ ಹೋಗುವವರಿಗೆ ಅದೇ ಕ್ಲಾಸಿನಲ್ಲಿ ಶೇಕಡ 75 ರಿಯಾಯಿತಿ. ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ಅಮ್ಮ ಎಲೆಅಡಿಕೆ ಹಾಕುತ್ತಾರಾ? ಹಾಕುತ್ತಿದ್ದರೆ ಬಿಡಿಸಿ. ಕೀಮೋಗೆ ಬಾಯಿ ಹುಣ್ಣಾಗುತ್ತದೆ, ಅದರ ಮೇಲೆ ಸುಣ್ಣ ಅಡಿಕೆ ಬಿದ್ದರೆ ಅನ್ನ ಇಳಿಯುವುದಿಲ್ಲ. ನಮ್ಮದೂ ಅಡಿಕೆ ತೋಟವೇ, ಬೈಯುವವರು ಬೈಯಲಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗದವರು 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಹಾಕಿದ್ದಾರೆ, ತಂಬಾಕು ಇಲ್ಲದಿದ್ದರೂ ಕೂಡ. ಅಪ್ಪನಿಗೆ ಕೆನ್ನೆ ಒಳಗೆ ಬಿಳಿ ಮಚ್ಚೆ ಬಂದು ವರ್ಷವಾಗಿತ್ತು, ಯಾರೂ ಬಾಯಿ ತೆರೆಸಿ ನೋಡಿರಲಿಲ್ಲ. ಈಗ ಆರೋಗ್ಯ ಕೇಂದ್ರಗಳಲ್ಲಿ ಮೂವತ್ತು ದಾಟಿದವರಿಗೆ ಬಾಯಿ, ಎದೆ, ಗರ್ಭಕೊರಳು ನೋಡುವ ಕಾರ್ಯಕ್ರಮ ಇದೆ. ಆಶಾ ಅಕ್ಕ ಬಂದು ಕರೆದರೆ ಏನೋ ಕೆಲಸ ಅಂತ ತಪ್ಪಿಸಿಕೊಳ್ಳಬೇಡಿ.

ಬಣಕಲ್_ಕಾಫಿ

ಇಷ್ಟೊಂದು ಬರೆದಿದ್ದೀರಿ, ಎಲ್ಲರಿಗೂ ಕೈ ಮುಗಿದೆ. ಅಮ್ಮನಿಗೆ ಸಿಸ್ಟರ್ ಬರೆದದ್ದನ್ನೇ ಓದಿ ಹೇಳಿದೆ. "ಅದು ರಜ ತೆಗೆದುಕೊಳ್ಳುವುದಿಲ್ಲ" ಅನ್ನುವ ಮಾತಿಗೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಮುಗಿಸಿಬಿಡೋಣ" ಅಂದರು. ಹಾಸನಕ್ಕೂ ಒಪ್ಪಿದ್ದಾರೆ, ಅಕ್ಕನ ಮನೆಯಲ್ಲಿ ಕೋಳಿ ಸಾಕಬಾರದು ಅಂತ ಅಪಾರ್ಟ್‌ಮೆಂಟಿನವರು ಹೇಳಿದ್ದಾರೆ ಅನ್ನುವುದೊಂದೇ ಅವರಿಗೆ ಬೇಜಾರು.

ತಾಲ್ಲೂಕು ಆಸ್ಪತ್ರೆಗೆ ಹೋಗಿ ಬಂದೆ. ಡ್ಯೂಟಿ ಡಾಕ್ಟರ್ ಚಿಕ್ಕ ವಯಸ್ಸಿನವರು, ಪತ್ರ ತಂದುಕೊಟ್ಟರೆ ಕೇಸ್ ಶೀಟ್ ಜೊತೆ ಕ್ಯಾಶುವಾಲ್ಟಿಯಲ್ಲೇ ಒಂದು ಪ್ರತಿ ಇಡುತ್ತೇನೆ ಅಂದರು. ಮುಚ್ಚಿದ ನರ್ಸಿಂಗ್ ಹೋಂ ಡಾಕ್ಟರನ್ನೂ ಮನೆಯಲ್ಲಿ ಭೇಟಿ ಮಾಡಿದೆ. ಫೋನ್ ಮಾಡುವುದು ನಿಲ್ಲಿಸಬೇಡ, ಆಸ್ಪತ್ರೆ ಮುಚ್ಚಿದ್ದು, ಬಾಯಿ ಮುಚ್ಚಿಲ್ಲ ಅಂದರು. ವಾರದ ಔಷಧಿ ಎಲ್ಲಿ ಅನ್ನುವುದನ್ನು ಮಂಗಳೂರಿನ ಡಾಕ್ಟರ್ ಹತ್ತಿರ ಮಾತಾಡಿ ಆಮೇಲೆ ಬರೆಯುತ್ತೇನೆ.

ಕೊಪ್ಪದ ಅಕ್ಕ, ಆ ರೈಲ್ವೆ ರಿಯಾಯಿತಿಗೆ ಏನು ಕಾಗದ ಬೇಕು?

ಕೊಪ್ಪದವಳು

ರೈಲ್ವೆಯದೇ ಒಂದು ನಮೂನೆ ಇದೆ, ಅದಕ್ಕೆ ಆಸ್ಪತ್ರೆಯ ಡಾಕ್ಟರ್ ಸಹಿ, ಸೀಲು ಹಾಕಿಸಬೇಕು. ಆಸ್ಪತ್ರೆ ಆಫೀಸಿನಲ್ಲಿ ಕೇಳಿದರೆ ಅವರ ಹತ್ತಿರವೇ ಇರುತ್ತದೆ. ಯಾವ ಊರಿಂದ ಯಾವ ಊರಿಗೆ ಅಂತ ಸರಿಯಾಗಿ ತುಂಬಿಸಿ. ಟಿಕೆಟ್ ಸ್ಟೇಷನ್ ಕೌಂಟರಿನಲ್ಲೇ ತೆಗೆಸಿ, ಅಮ್ಮನ ಆಧಾರ್ ಜೊತೆಗಿರಲಿ. ಸಹಿ ಹಾಕಿಸುವಾಗಲೇ ವಾಪಸ್ ಬರುವುದಕ್ಕೂ ಒಂದು ಕೇಳಿ ಇಟ್ಟುಕೊಳ್ಳಿ, ಇಲ್ಲದಿದ್ದರೆ ಬರುವಾಗ ಪೂರ್ತಿ ದುಡ್ಡು ಕೊಡಬೇಕಾಗುತ್ತದೆ.